ಗಿಡದೊಳಗಿನ ಮದ್ದನ್ನು ಹುಡುಕಿದ ಅಸೀಮಾ ಚಟರ್ಜಿ

ಭಾರತದ ವಿಜ್ಞಾನಿಗಳ ಹೆಸರು ಹೇಳಿ ಅಂದರೆ ನಾವೆಲ್ಲ ಸಿ.ವಿ. ರಾಮನ್, ಜಗದೀಶಚಂದ್ರ ಬೋಸ್, ಅಬ್ದುಲ್ ಕಲಾಂ ಅಂತ ಪಟಪಟ ಹೇಳ್ತೇವೆ. ಹೆಂಗಸರ ಹೆಸರು ಹೇಳಿ ಅಂದರೆ ಕ್ಲಾಸೇ ಸುಮ್ಮನಾಗುತ್ತದೆ. ಯಾರಾದರೂ ಒಬ್ಬರು ಮೇಡಂ ಕ್ಯೂರಿ ಅನ್ನುತ್ತಾರೆ, ಆದರೆ ಅವರು ನಮ್ಮ ದೇಶದವರಲ್ಲ. ಅದಕ್ಕೇ ಈ ಸಲ ನಾನು ಅಸೀಮಾ ಚಟರ್ಜಿಯವರ ಬಗ್ಗೆ ಬರೆಯುತ್ತಿದ್ದೇನೆ. ಅವರು ಬಂಗಾಳದವರಾದರೂ ಅವರು ಪರೀಕ್ಷಿಸಿದ ಗಿಡಮರಗಳು ನಮ್ಮ ಅಜೆಕಾರಿನ ಗುಡ್ಡೆಯಲ್ಲಿಯೂ ಉಂಟು.

ಅಸೀಮಾ ಅವರು 1917ನೇ ಇಸವಿ ಸೆಪ್ಟೆಂಬರ್ 23ರಂದು ಕಲ್ಕತ್ತೆಯಲ್ಲಿ ಹುಟ್ಟಿದರು. ತಂದೆ ಇಂದ್ರನಾರಾಯಣ ಮುಖರ್ಜಿ, ತಾಯಿ ಕಮಲಾದೇವಿ. ತಂದೆ ಡಾಕ್ಟರು. ಅವರಿಗೆ ಸಸ್ಯಶಾಸ್ತ್ರ ಅಂದರೆ ಬಹಳ ಇಷ್ಟ. ಮಗಳಿಗೆ ಗಿಡಗಳ ಮೇಲೆ ಆಸಕ್ತಿ ಬಂದದ್ದು ತಂದೆಯಿಂದಲೇ. ಆ ಕಾಲದಲ್ಲಿ ಹುಡುಗಿಯರು ಕಾಲೇಜಿಗೆ ಹೋಗುವುದೇ ಅಪರೂಪ, ಹೋದರೂ ರಸಾಯನಶಾಸ್ತ್ರ ತೆಗೆದುಕೊಳ್ಳುವವರು ಇನ್ನೂ ಕಡಿಮೆ. ಅಸೀಮಾ ಅವರು ಸ್ಕಾಟಿಷ್ ಚರ್ಚ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನೇ ಕಲಿತು 1936ರಲ್ಲಿ ಆನರ್ಸ್ ಪದವಿ ಪಡೆದರು. 1938ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದಿಂದ ಎಂ.ಎಸ್ಸಿ. ಆಯಿತು. 1940ರಲ್ಲಿ ಲೇಡಿ ಬ್ರೆಬೋರ್ನ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ವಿಭಾಗವನ್ನು ಶುರು ಮಾಡಿ ಅದರ ಮುಖ್ಯಸ್ಥೆಯಾದರು. ಆಗ ಅವರಿಗೆ 23 ವರ್ಷ ಕೂಡ ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು!

ಪಾಠ ಮಾಡುತ್ತಲೇ ಸಂಶೋಧನೆಯನ್ನೂ ಮಾಡಿದರು. 1944ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರ್ ಆಫ್ ಸೈನ್ಸ್ ಪದವಿ ಕೊಟ್ಟಿತು. ಭಾರತದ ಒಂದು ವಿಶ್ವವಿದ್ಯಾನಿಲಯದಿಂದ ಈ ಪದವಿ ಪಡೆದ ಮೊದಲ ಮಹಿಳೆ ಅವರೇ.

ಅವರು ಎಂತ ಸಂಶೋಧನೆ ಮಾಡಿದರು ಅಂತ ಹೇಳಬೇಕಲ್ಲ. ಗಿಡದಲ್ಲಿ ಮದ್ದು ಉಂಟು ಅಂತ ನಮ್ಮ ಅಜ್ಜ ಅಜ್ಜಿಯಂದಿರಿಗೂ ಗೊತ್ತಿತ್ತು. ಆದರೆ ಒಂದು ಬೇರಿನಲ್ಲಿ ಅಥವಾ ಎಲೆಯಲ್ಲಿ ನೂರಾರು ವಸ್ತುಗಳು ಇರುತ್ತವೆ. ನಾರು, ಪಿಷ್ಟ, ಸಕ್ಕರೆ, ಎಣ್ಣೆ, ಬಣ್ಣ, ಅಂಟು ಎಲ್ಲ ಸೇರಿರುತ್ತದೆ. ಅದರಲ್ಲಿ ಕಾಯಿಲೆಯ ಮೇಲೆ ಕೆಲಸ ಮಾಡುವುದು ಯಾವುದು? ಅದು ಒಂದೋ ಎರಡೋ ವಸ್ತು ಮಾತ್ರ ಇರಬಹುದು, ಅದೂ ಚಿಟಿಕೆಗಿಂತ ಕಡಿಮೆ. ಅದನ್ನು ಬೇರೆ ಮಾಡಿ, ಶುದ್ಧ ಮಾಡಿ, ಅದರ ರಚನೆ ಹೇಗೆ ಉಂಟು ಅಂತ ಕಂಡುಹಿಡಿಯುವುದೇ ಅಸೀಮಾ ಅವರ ಕೆಲಸ. ಇಂಥ ವಸ್ತುಗಳಲ್ಲಿ ಒಂದು ಗುಂಪಿಗೆ ಆಲ್ಕಲಾಯ್ಡ್ ಅಂತ ಹೆಸರು. ಹೆಚ್ಚಿನ ಆಲ್ಕಲಾಯ್ಡ್‌ಗಳು ಕಹಿ. ಮಲೇರಿಯಾದ ಕ್ವಿನೈನ್, ಕಾಫಿಯ ಕೆಫೀನ್, ಹೊಗೆಸೊಪ್ಪಿನ ನಿಕೋಟಿನ್ ಇವೆಲ್ಲ ಆಲ್ಕಲಾಯ್ಡ್‌ಗಳೇ. ಅಂದರೆ ಒಂದೇ ಗುಂಪಿನಲ್ಲಿ ಮದ್ದೂ ಉಂಟು, ವಿಷವೂ ಉಂಟು.

ಬೇರೆ ಮಾಡುವುದು ಹೇಗೆ ಅಂತ ನಾನು ವಿಜ್ಞಾನ ಟೀಚರ್ ಹತ್ತಿರ ಕೇಳಿ ತಿಳಿದುಕೊಂಡೆ. ಮೊದಲು ಎಲೆಯನ್ನೋ ತೊಗಟೆಯನ್ನೋ ನೆರಳಲ್ಲಿ ಒಣಗಿಸಿ ಪುಡಿ ಮಾಡಬೇಕು. ಆ ಪುಡಿಯಲ್ಲಿರುವ ಎಣ್ಣೆಯಂಶವನ್ನು ಪೆಟ್ರೋಲಿಯಂ ಈಥರ್‌ನಲ್ಲಿ ತೊಳೆದು ತೆಗೆಯಬೇಕು. ಮತ್ತೆ ಆಲ್ಕೋಹಾಲ್‌ನಲ್ಲಿ ನೆನೆಹಾಕಬೇಕು. ಆಗ ಗಿಡದ ಸಾರ ಆಲ್ಕೋಹಾಲ್‌ಗೆ ಇಳಿಯುತ್ತದೆ. ಅದನ್ನು ಸೋಸಿ, ಆಲ್ಕೋಹಾಲನ್ನು ಆವಿ ಮಾಡಿದರೆ ತಳದಲ್ಲಿ ಬೆಲ್ಲದ ಪಾಕದ ಹಾಗೆ ಒಂದು ಕಪ್ಪು ಅಂಟು ಉಳಿಯುತ್ತದೆ. ಇದರಲ್ಲಿ ಇನ್ನೂ ಎಲ್ಲ ಕಲಸಿಕೊಂಡೇ ಇರುತ್ತದೆ.

ಈಗ ಬರುವುದು ಒಳ್ಳೆಯ ಉಪಾಯ. ನಾವು ಏಳನೇ ಕ್ಲಾಸಿನಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲದ ಪಾಠ ಓದಿದ್ದೇವಲ್ಲ, ಅದೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಲ್ಕಲಾಯ್ಡ್ ಪ್ರತ್ಯಾಮ್ಲದ ಸ್ವಭಾವದ್ದು. ಅಂಟಿಗೆ ತೆಳು ಆಮ್ಲ ಹಾಕಿದರೆ ಆಲ್ಕಲಾಯ್ಡ್ ಲವಣವಾಗಿ ನೀರಿನಲ್ಲಿ ಕರಗುತ್ತದೆ, ಬೇಡದ ಕೊಳೆಯಲ್ಲಿ ಹೆಚ್ಚಿನದು ಕರಗದೆ ಉಳಿಯುತ್ತದೆ. ಸೋಸಿ ತೆಗೆದ ಆ ನೀರಿಗೆ ಅಮೋನಿಯಾ ಹಾಕಬೇಕು. ಆಗ ಆಲ್ಕಲಾಯ್ಡ್‌ಗೆ ನೀರಿನಲ್ಲಿ ಇರಲು ಆಗುವುದಿಲ್ಲ. ಕ್ಲೋರೋಫಾರ್ಮ್ ಹಾಕಿ ಕುಲುಕಿದರೆ ಅದು ನೀರನ್ನು ಬಿಟ್ಟು ಕ್ಲೋರೋಫಾರ್ಮ್‌ಗೆ ಹೋಗುತ್ತದೆ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಆದರೆ ಕ್ಲೋರೋಫಾರ್ಮ್ ನೀರಿಗಿಂತ ಭಾರ, ಅಡಿಯಲ್ಲಿ ನಿಲ್ಲುತ್ತದೆ. ಕೆಳಗಿನ ನಲ್ಲಿ ತಿರುಗಿಸಿ ಅದನ್ನು ಮಾತ್ರ ಇಳಿಸಿಕೊಳ್ಳುವುದು. ಆದರೂ ಅದರಲ್ಲಿ ನಾಲ್ಕೈದು ಆಲ್ಕಲಾಯ್ಡ್‌ಗಳು ಸೇರಿರುತ್ತವೆ. ಅವನ್ನು ಒಂದೊಂದಾಗಿ ಬಿಡಿಸುವುದಕ್ಕೆ ಕ್ರೊಮಟೋಗ್ರಫಿ ಅಂತ ಒಂದು ವಿಧಾನ ಉಂಟು. ಅದನ್ನು ನಾವೂ ಮಾಡಬಹುದು. ಒಂದು ಸೀಮೆಸುಣ್ಣದ ಬುಡದಿಂದ ಸ್ವಲ್ಪ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತ ಗೆರೆ ಎಳೆದು, ತಟ್ಟೆಯಲ್ಲಿ ಗೆರೆಗೆ ತಾಗದಷ್ಟು ನೀರು ಹಾಕಿ ಅದನ್ನು ನಿಲ್ಲಿಸಿ. ನೀರು ಮೇಲೇರುವಾಗ ಕಪ್ಪು ಶಾಯಿಯೊಳಗಿನ ನೀಲಿ, ಕೆಂಪು ಬಣ್ಣಗಳು ಬೇರೆ ಬೇರೆ ಎತ್ತರಕ್ಕೆ ಹೋಗುತ್ತವೆ. ಪ್ರಯೋಗಾಲಯದಲ್ಲಿ ಸೀಮೆಸುಣ್ಣದ ಬದಲು ಅಲ್ಯುಮಿನಾ ಪುಡಿ ತುಂಬಿದ ಗಾಜಿನ ಕೊಳವೆ ಇರುತ್ತದೆ, ಅಷ್ಟೇ ವ್ಯತ್ಯಾಸ. ಅಲ್ಲಿ ಸಾರವನ್ನು ಮೇಲಿನಿಂದ ಇಳಿಸುತ್ತಾರೆ.

ಕೊನೆಗೆ ಸಿಗುವುದು ಎಷ್ಟು ಅಂತ ಕೇಳಿದರೆ ನಿಮಗೆ ಆಶ್ಚರ್ಯ ಆದೀತು. ಮನೆಯಂಗಳದಲ್ಲಿ ನೆಡುವ ನಿತ್ಯಪುಷ್ಪದ ಗಿಡದಿಂದ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಮದ್ದು ಸಿಗುತ್ತದೆ. ಒಂದು ಗ್ರಾಂ ಮದ್ದಿಗೆ ಸುಮಾರು 500 ಕಿಲೋ ಒಣಗಿದ ಎಲೆ ಬೇಕು! ಈ ಮದ್ದನ್ನು ಮೊದಲು ಬೇರ್ಪಡಿಸಿದವರು ಕೆನಡಾದವರು. ಅಸೀಮಾ ಅವರು ಅದೇ ಜಾತಿಯ ಗಿಡಗಳ ಬೇರೆ ಆಲ್ಕಲಾಯ್ಡ್‌ಗಳ ಮೇಲೆ ಎಷ್ಟೋ ವರ್ಷ ಕೆಲಸ ಮಾಡಿದರು.

1941ರಲ್ಲೇ, ಇನ್ನೂ ಮದುವೆಯಾಗದೆ ಅಸೀಮಾ ಮುಖರ್ಜಿ ಆಗಿದ್ದಾಗ, ಸರ್ಪಗಂಧದ ಜಾತಿಯ ಒಂದು ಗಿಡದಿಂದ ರೌವಾಲ್ಸಿನ್ ಎಂಬ ಹೊಸ ಆಲ್ಕಲಾಯ್ಡನ್ನು ಬೇರ್ಪಡಿಸಿದ್ದರು. 1945ರಲ್ಲಿ ಬರದಾನಂದ ಚಟರ್ಜಿಯವರ ಜೊತೆ ಮದುವೆಯಾಯಿತು. ಅವರೂ ರಸಾಯನಶಾಸ್ತ್ರದವರೇ. 1947ರಲ್ಲಿ ಅಸೀಮಾ ಅವರು ಅಮೆರಿಕಕ್ಕೆ ಹೊರಟರು. ಜೊತೆಗೆ 11 ತಿಂಗಳ ಮಗಳು ಜೂಲಿ ಮತ್ತು ಮಗುವನ್ನು ನೋಡಿಕೊಳ್ಳಲು ಒಬ್ಬರು ಹೆಂಗಸು. ಮಗು ಸಣ್ಣದು ಅಂತ ಓದು ಬಿಡಲಿಲ್ಲ, ಓದು ಬೇಕು ಅಂತ ಮಗುವನ್ನೂ ಬಿಡಲಿಲ್ಲ. ಅಲ್ಲಿ ಝೆಕ್‌ಮೈಸ್ಟರ್ ಎಂಬ ವಿಜ್ಞಾನಿಯ ಜೊತೆ ಕೆಲಸ ಮಾಡಿದರು. ನಾನು ಮೇಲೆ ಹೇಳಿದ ಕ್ರೊಮಟೋಗ್ರಫಿಯಲ್ಲಿ ಅವರು ದೊಡ್ಡ ಪಂಡಿತರು. ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನೊಬೆಲ್ ಬಹುಮಾನ ಪಡೆದ ಪಾಲ್ ಕಾರರ್ ಅವರ ಜೊತೆ ಕಲಿತು 1950ರಲ್ಲಿ ಊರಿಗೆ ಬಂದರು.

ಅಲ್ಲೇ ನಿಲ್ಲಬಹುದಿತ್ತು. ಇಲ್ಲಿ ಆಗ ಒಳ್ಳೆಯ ಯಂತ್ರಗಳೂ ಇಲ್ಲ, ಬೇಕಾದಷ್ಟು ಹಣವೂ ಇಲ್ಲ. ಕಷ್ಟಪಟ್ಟು ತೆಗೆದ ವಸ್ತುವನ್ನು ಪರೀಕ್ಷೆಗೆ ವಿದೇಶಕ್ಕೆ ಕಳುಹಿಸಬೇಕಾಗುತ್ತಿತ್ತು. ಆದರೂ 1954ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಿಗೆ ಸೇರಿ, 1962ರಿಂದ 1982ರವರೆಗೆ ಅಲ್ಲಿಯ ಖೈರಾ ಪ್ರೊಫೆಸರ್ ಆಗಿದ್ದರು.

ಈಗ ನಮ್ಮೂರಿನ ಮರಕ್ಕೆ ಬರುವ. ಅಸೀಮಾ ಅವರು ಬಿಲ್ವದ ಮರವನ್ನು ಪರೀಕ್ಷಿಸಿದರು, ಸರ್ಪಗಂಧವನ್ನು ಪರೀಕ್ಷಿಸಿದರು, ಅದರ ಜೊತೆಗೆ ಸಪ್ತಪರ್ಣವನ್ನೂ ಪರೀಕ್ಷಿಸಿದರು. 1965ರಲ್ಲಿ ಅವರೂ ಅವರ ಜೊತೆಯವರೂ ಇದರ ಎಲೆಯ ಆಲ್ಕಲಾಯ್ಡ್‌ಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಈ ಸಪ್ತಪರ್ಣ ಯಾವುದು ಗೊತ್ತುಂಟಾ? ಅದೇ ನಮ್ಮ ಪಾಲೆ ಮರ! ಕನ್ನಡದಲ್ಲಿ ಹಾಲೆ ಮರ ಅನ್ನುತ್ತಾರೆ. ಆಟಿ ಅಮಾವಾಸ್ಯೆಯ ದಿನ ಬೆಳಿಗ್ಗೆ ನಾವೆಲ್ಲ ಮೂಗು ಮುಚ್ಚಿ ಕುಡಿಯುವ ಕಷಾಯ ಇದರ ಕೆತ್ತೆಯದ್ದೇ. ಸೂರ್ಯ ಹುಟ್ಟುವ ಮೊದಲು ಕಲ್ಲಿನಿಂದ ಜಜ್ಜಿ ಕೆತ್ತೆ ತಂದು, ಓಮ, ಕರಿಮೆಣಸು, ಬೆಳ್ಳುಳ್ಳಿ ಹಾಕಿ ಅರೆದು ರಸ ತೆಗೆದು, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಆಮೇಲೆ ಮೆಂತೆ ಗಂಜಿ. (ನನಗೆ ಗಂಜಿ ಇಷ್ಟ, ಕಷಾಯ ಅಲ್ಲ.) ನಮ್ಮ ಮನೆಯಲ್ಲಿ ಮಾಡುವುದೂ ಸಾರ ತೆಗೆಯುವ ಕೆಲಸವೇ. ಆದರೆ ನಾವು ಎಲ್ಲವನ್ನೂ ಒಟ್ಟಿಗೆ ಕುಡಿಯುತ್ತೇವೆ, ಅಸೀಮಾ ಅವರು ಒಂದೊಂದನ್ನೂ ಬೇರೆ ಮಾಡಿ ನೋಡಿದರು. ಈ ಕೆತ್ತೆಯಲ್ಲಿ ಮುಖ್ಯವಾಗಿ ಇರುವ ಆಲ್ಕಲಾಯ್ಡ್‌ನ ಹೆಸರು ಎಕಿಟಮಿನ್. ಇನ್ನೊಂದು ತಮಾಷೆ ಏನೆಂದರೆ ಈ ಮರದ ವೈಜ್ಞಾನಿಕ ಹೆಸರಿನಲ್ಲಿ ಶಾಲೆ ಉಂಟು. ಆಲ್ಸ್ಟೋನಿಯಾ ಸ್ಕಾಲಾರಿಸ್ ಅಂತ ಹೆಸರು. ಹಿಂದೆ ಶಾಲೆಯ ಹಲಗೆಗಳನ್ನು ಇದರ ಮರದಿಂದ ಮಾಡುತ್ತಿದ್ದರಂತೆ, ಅದಕ್ಕೆ ಸ್ಕಾಲಾರಿಸ್.

ಆಟಿ ಅಮಾವಾಸ್ಯೆಯ ದಿನವೇ ಕೆತ್ತೆಯಲ್ಲಿ ಮದ್ದು ಹೆಚ್ಚು ಇರುತ್ತದೆ ಅಂತ ಹಿರಿಯರು ಹೇಳುತ್ತಾರೆ. ನನಗನ್ನಿಸುವುದು, ಇದನ್ನೂ ಪರೀಕ್ಷಿಸಿ ನೋಡಬಹುದು. ಒಂದೇ ಮರದಿಂದ ಎಂಟು ದಿನ ಮೊದಲು ಒಂದು ಸಲ, ಅಮಾವಾಸ್ಯೆಗೆ ಒಂದು ಸಲ, ಎಂಟು ದಿನ ಕಳೆದು ಒಂದು ಸಲ ಒಂದೇ ತೂಕದ ಕೆತ್ತೆ ತೆಗೆದು, ಮೇಲೆ ಹೇಳಿದ ಹಾಗೆ ಆಲ್ಕಲಾಯ್ಡ್ ಬೇರೆ ಮಾಡಿ ತೂಗಿದರೆ ಆಯಿತು.

ಇಲ್ಲಿ ಒಂದು ಮುಖ್ಯ ವಿಷಯ ಎಲ್ಲರೂ ಓದಬೇಕು. ನಮ್ಮ ಗುಡ್ಡೆಯಲ್ಲಿ ಕಾಸರಕನ ಮರವೂ ಉಂಟು, ತುಳುವಿನಲ್ಲಿ ಕಾಯೆರ್. ಅದರ ಕೆತ್ತೆಯೂ ಕಹಿ. ಕತ್ತಲೆಯಲ್ಲಿ ತಪ್ಪಿ ಅದನ್ನು ತಂದು ಕುಡಿದರೆ ಜೀವಕ್ಕೇ ಅಪಾಯ. ಅದರಲ್ಲಿ ಇರುವುದು ಸ್ಟ್ರಿಕ್ನಿನ್ ಎಂಬ ಆಲ್ಕಲಾಯ್ಡ್. 1818ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವೆಂಟೂ ಅದನ್ನು ಬೇರ್ಪಡಿಸಿದರು. ಎರಡು ವರ್ಷ ಕಳೆದು ಕ್ವಿನೈನನ್ನು ಬೇರ್ಪಡಿಸಿದವರೂ ಅವರಿಬ್ಬರೇ. ಸ್ಟ್ರಿಕ್ನಿನ್ ಸ್ವಲ್ಪವೇ ಹೊಟ್ಟೆಗೆ ಹೋದರೂ ನರಗಳ ಮೇಲೆ ಕೆಲಸ ಮಾಡಿ ಮೈಯೆಲ್ಲ ಸೆಟೆದುಕೊಳ್ಳುತ್ತದೆ. ಕಹಿ ಅಂತ ನಾಲಿಗೆ ಹೇಳುತ್ತದೆ, ಮದ್ದೋ ವಿಷವೋ ಅಂತ ಹೇಳುವುದಿಲ್ಲ. ಪಾಲೆಯ ಗುರುತು ಏನೆಂದರೆ ಕಡಿದರೆ ಬಿಳಿ ಹಾಲು ಬರುತ್ತದೆ, ಏಳರ ಹಾಗೆ ಎಲೆಗಳು ಒಂದೇ ಕಡೆಯಿಂದ ಸುತ್ತ ಹರಡಿಕೊಂಡಿರುತ್ತವೆ. ಕಾಸರಕನ ಎಲೆಗಳು ಎದುರುಬದುರು ಎರಡೆರಡು, ಹಾಲು ಬರುವುದಿಲ್ಲ, ಹಣ್ಣು ಕಿತ್ತಳೆ ಬಣ್ಣದ ಚೆಂಡಿನ ಹಾಗೆ. ಅದಕ್ಕೇ ತಿಳಿದವರು ಹಿಂದಿನ ದಿನ ಹಗಲಲ್ಲೇ ಮರ ನೋಡಿ ಗುರುತು ಮಾಡಿ ಬರುತ್ತಾರೆ.

ಪಾಲೆಯ ಕೆತ್ತೆ, ಕಟುಕರೋಹಿಣಿ, ಕಿರಾತಕಡ್ಡಿ, ಗಜ್ಜುಗ ಈ ನಾಲ್ಕನ್ನು ಸೇರಿಸಿ ಮಲೇರಿಯಾಕ್ಕೆ ಒಂದು ಮದ್ದು ತಯಾರಿಸುವುದರಲ್ಲಿಯೂ ಅಸೀಮಾ ಅವರ ಪಾಲು ಉಂಟು. ಅದರ ಹೆಸರು ಆಯುಷ್-64. ಫಿಟ್ಸ್ ಕಾಯಿಲೆಗೆ ಗದ್ದೆಯ ನೀರಿನಲ್ಲಿ ಬೆಳೆಯುವ ನಾಲ್ಕೆಲೆಯ ಒಂದು ಜರಿಗಿಡದಿಂದ ಆಯುಷ್-56 ಎಂಬ ಮದ್ದನ್ನೂ ಮಾಡಿದರು. ಆದರೆ ಗಿಡದ ಮದ್ದು ಅಂದ ಕೂಡಲೇ ಎಲ್ಲ ವಾಸಿಯಾಗುತ್ತದೆ ಅಂತ ಅಲ್ಲ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಆಯುಷ್-64 ತೆಗೆದುಕೊಂಡ ಮಲೇರಿಯಾ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮಾತ್ರ ವಾಸಿಯಾಯಿತು, ಕ್ಲೋರೋಕ್ವಿನ್ ತೆಗೆದುಕೊಂಡ ಎಲ್ಲರಿಗೂ ವಾಸಿಯಾಯಿತು. ಹಾಗಾಗಿ ಚಳಿಜ್ವರ ಬಂದರೆ ಮೊದಲು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.

1967 ಅವರಿಗೆ ಬಹಳ ಕೆಟ್ಟ ವರ್ಷ. ಕೆಲವೇ ತಿಂಗಳೊಳಗೆ ತಂದೆಯೂ ಗಂಡನೂ ತೀರಿಕೊಂಡರು. ಅವರಿಗೂ ಜೋರು ಕಾಯಿಲೆಯಾಗಿ ಆಸ್ಪತ್ರೆ ಸೇರಬೇಕಾಯಿತು. ಗಿಡ ತೋರಿಸಿಕೊಟ್ಟ ತಂದೆ ಇಲ್ಲ, ರಸಾಯನಶಾಸ್ತ್ರದ ಬಗ್ಗೆ ಮನೆಯಲ್ಲೇ ಮಾತಾಡಬಹುದಾಗಿದ್ದ ಗಂಡ ಇಲ್ಲ. ಜೊತೆಯಲ್ಲಿ ಕೆಲಸ ಮಾಡುವವರು ಧೈರ್ಯ ತುಂಬಿದರು. ಕೆಲವು ತಿಂಗಳಲ್ಲಿ ಪುನಃ ಪ್ರಯೋಗಾಲಯಕ್ಕೆ ಬಂದರು.

ಬಹುಮಾನಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1961ರಲ್ಲಿ ಭಟ್ನಾಗರ್ ಪ್ರಶಸ್ತಿ, ಅದನ್ನು ಪಡೆದ ಮೊದಲ ಮಹಿಳೆ. 1975ರಲ್ಲಿ ಪದ್ಮಭೂಷಣ, ಅದೇ ವರ್ಷ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷತೆ, ಅದರಲ್ಲಿಯೂ ಮೊದಲ ಮಹಿಳೆ ಇವರೇ. 1982ರಿಂದ 1990ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯೆ. ಬರೆದ ಸಂಶೋಧನಾ ಪ್ರಬಂಧಗಳು ಸುಮಾರು 400. ಭಾರತದ ಔಷಧಿ ಸಸ್ಯಗಳ ಬಗ್ಗೆ ಬಂಗಾಳಿಯಲ್ಲಿ ಆರು ಸಂಪುಟ, ಇಂಗ್ಲಿಷಿನಲ್ಲಿ ಆರು ಸಂಪುಟ ಸಂಪಾದಿಸಿದರು.

ಅಸೀಮಾ ಚಟರ್ಜಿಯವರು 2006ರ ನವೆಂಬರ್ 22ರಂದು 89ನೇ ವಯಸ್ಸಿನಲ್ಲಿ ತೀರಿಕೊಂಡರು. 1941ರಲ್ಲಿ ಅವರು ಬೇರ್ಪಡಿಸಿದ ರೌವಾಲ್ಸಿನನ್ನು ನರಗಳ ಮೇಲೆ ಮದ್ದುಗಳು ಹೇಗೆ ಕೆಲಸ ಮಾಡುತ್ತವೆ ಅಂತ ನೋಡುವುದಕ್ಕೆ ಬೇರೆ ಬೇರೆ ದೇಶದ ಪ್ರಯೋಗಾಲಯಗಳಲ್ಲಿ ಈಗಲೂ ಉಪಯೋಗಿಸುತ್ತಾರೆ.