ಸರ್ವಜ್ಞ ಕವಿಯೂ ನಾವು ಬಿಟ್ಟ ತ್ರಿಪದಿಯೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಸರ್ವಜ್ಞನ ನಾಲ್ಕು ತ್ರಿಪದಿಗಳನ್ನರಿಯದ ಅಜ್ಜಿಯು ಇರಲಾರಳು. ಆತನು ನಮ್ಮ ಮಣ್ಣಿನವನೇ. ಐತಿಹ್ಯದ ಪ್ರಕಾರ, ಮಾಸೂರಿನ ಬಸವರಸನೆಂಬ ಬ್ರಾಹ್ಮಣನು ಸಂತಾನಾಪೇಕ್ಷೆಯಿಂದ ಕಾಶೀಯಾತ್ರೆಯನ್ನು ಮಾಡಿ ಹಿಂದಿರುಗುವಾಗ ಅಬಲೂರಿನ ಕುಂಬಾರ ಮಾಳಿಯೆಂಬ ವಿಧವೆಯ ಮನೆಯಲ್ಲಿ ತಂಗಿದನು. ಅವಳಲ್ಲಿ ಜನಿಸಿದ ಮಗನೇ ಈ ಕವಿ. ಆತನ ಕಾಲವು 16ನೆಯ ಶತಮಾನವೆಂದು ಕೆಲವರೂ 17ನೆಯದೆಂದು ಕೆಲವರೂ ಹೇಳುವರು. ಆ ವಾದವನ್ನು ಪಂಡಿತರಿಗೇ ಬಿಡೋಣ. ಮನೆಯನ್ನು ತೊರೆದು, ಭಿಕ್ಷಾಪಾತ್ರೆಯನ್ನು ಹಿಡಿದು, ಊರೂರು ತಿರುಗಿ, ಕಂಡದ್ದನ್ನು ಮೂರು ಸಾಲುಗಳಲ್ಲಿ ಹೇಳಿ ಮುಂದಕ್ಕೆ ನಡೆದನೆಂಬುದೇ ಆತನ ಜೀವನಚರಿತ್ರೆಯ ಸಾರ.

ವಿದ್ಯೆ, ದಾನ, ಅನ್ನ ಇವುಗಳ ಕುರಿತಾದ ಆತನ ವಚನಗಳನ್ನು ನಾವು ಮಕ್ಕಳಿಗೆ ಕಂಠಪಾಠ ಮಾಡಿಸುತ್ತೇವೆ. ಒಂದನ್ನು ಮಾತ್ರ ಬಿಟ್ಟುಬಿಡುತ್ತೇವೆ. ನಾನೂ ಬಹು ವರ್ಷ ನಾಚಿಕೆಯಿಂದ ಬಿಟ್ಟಿದ್ದೆನು. ಅದು ಮುಟ್ಟಿನ ವಿಷಯದ್ದು. ಮೈಲಿಗೆಯೆಂದು ಜನರು ದೂರವಿಡುವ ಆ ಹೊಲೆಯಲ್ಲಿಯೇ ಲೋಕವೆಲ್ಲವೂ ಹುಟ್ಟಿರುವಾಗ, ಮುಟ್ಟಬೇಡವೆಂದು ಸರಿದು ನಿಲ್ಲುವ ಶ್ರೇಷ್ಠಕುಲದವನು ತಾನು ಬೇರೆಲ್ಲಿ ಹುಟ್ಟಿದನೆಂದು ಆತನು ಅದರಲ್ಲಿ ಕೇಳುತ್ತಾನೆ. ಹೊಲೆಯೆಂಬ ಶಬ್ದವು ಕನ್ನಡದಲ್ಲಿ ಸ್ತ್ರೀಯ ಮುಟ್ಟಿಗೂ ಸಲ್ಲುವುದು, ಅಸ್ಪೃಶ್ಯತೆಯ ಮೈಲಿಗೆಗೂ ಸಲ್ಲುವುದು. ಬ್ರಾಹ್ಮಣ ತಂದೆಗೂ ಕುಂಬಾರ ತಾಯಿಗೂ ಹುಟ್ಟಿದವನಿಗೆ ಈ ಎರಡು ಅರ್ಥಗಳ ನಂಟು ಸುಲಭವಾಗಿ ಹೊಳೆದಿರಬೇಕು. ಶರೀರಶಾಸ್ತ್ರವೂ ಆತನ ಪಕ್ಷವನ್ನೇ ವಹಿಸುತ್ತದೆ. ಶಿಶುವಿಗಾಗಿ ಗರ್ಭಕೋಶವು ಸಿದ್ಧಪಡಿಸಿದ ಒಳಪೊರೆಯು ಗರ್ಭವು ನಿಲ್ಲದ ತಿಂಗಳಲ್ಲಿ ಕಳಚಿ ಬರುವುದೇ ಮುಟ್ಟು.

ಈ ಮಾತು ಆತನಿಂದಲೇ ಮೊದಲಾದುದಲ್ಲ. 12ನೆಯ ಶತಮಾನದ ಶರಣರ ಪಂಥವು ಪಂಚಸೂತಕಗಳನ್ನು ನಿರಾಕರಿಸಿತು, ರಜಸ್ಸೂತಕವು ಅವುಗಳಲ್ಲೊಂದು. ಅಬಲೂರೇ ಏಕಾಂತದ ರಾಮಯ್ಯನ ಶಾಸನವುಳ್ಳ ಊರು. ಹೀಗಿದ್ದರೂ ಸರ್ವಜ್ಞನು ಸ್ತ್ರೀಪಕ್ಷಪಾತಿಯೆಂದು ನಾನು ಬರೆಯಲಾರೆನು. ಹೆಂಗಸರನ್ನು ಹಳಿಯುವ ತ್ರಿಪದಿಗಳೂ ಆತನ ಹೆಸರಿನಲ್ಲಿ ಸಾಕಷ್ಟಿವೆ. ಅವನ್ನು ಓದುವಾಗ ನನಗೆ ಸಿಟ್ಟೇ ಬರುವುದು.

ಚೆದುರಿದ್ದ ಆ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು ನಮ್ಮ ಸಭೆಯವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962). ಬಾಸೆಲ್ ಮಿಶನ್ನಿನ ಬೋಧಕರಾದ ಇವರು ಹಳ್ಳಿಗಳನ್ನು ಸುತ್ತಿ ಸುಮಾರು ಎರಡು ಸಾವಿರ ವಚನಗಳನ್ನು ಸಂಗ್ರಹಿಸಿದರು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯು ಗುಂಪಿನಲ್ಲಿ ಹಿಂದಿನಿಂದ ಬಂದು ಕರ್ತನ ಉಡುಪನ್ನು ಮುಟ್ಟಿದ ವೃತ್ತಾಂತವನ್ನು ಪೀಠದಿಂದ ಬೋಧಿಸುವವರಿಗೆ ಈ ತ್ರಿಪದಿಯು ಅಪರಿಚಿತವೆನಿಸಿರಲಾರದು.

ಮಾತಾಪಿತೃಗಳೇ, ಹಾಜರಿ ಪುಸ್ತಕವನ್ನು ನೋಡುವವಳಿಗೆ ಒಂದು ಸಂಗತಿಯು ಮರೆಯಾಗದು. ತಿಂಗಳಿಗೆ ಮೂರು ದಿನ ಬಾರದ ಬಾಲಕಿಯ ಚೀಟಿಯಲ್ಲಿ ತಲೆನೋವೆಂದೇ ಬರೆದಿರುತ್ತದೆ. ಬಡವರ ಮನೆಯಲ್ಲಿ ಹಳೆಯ ಸೀರೆಯ ತುಂಡೇ ಗತಿ. ಬಟ್ಟೆಯಿಂದ ಕೇಡಿಲ್ಲ, ಯಾರಿಗೂ ಕಾಣದಂತೆ ಮೂಲೆಯ ಕತ್ತಲಲ್ಲಿ ಹಸಿಯಾಗಿಯೇ ಇಡುವುದರಿಂದ ತುರಿಕೆ, ಸೋಂಕು ತಗಲುವವು. ಸೋಪಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಲು ಖರ್ಚೇನೂ ಇಲ್ಲ. ಹಗ್ಗದ ಮೇಲೆ ಹರವುವ ಧೈರ್ಯವು ಬೇಕು. ಚಿತ್ರದುರ್ಗ, ತುಮಕೂರು ಕಡೆಯ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವಳನ್ನು ಊರ ಹೊರಗೆ ಇರಿಸುವ ಪದ್ಧತಿಯನ್ನು ಕೇಳಿ ನಾವು ಮರುಗುತ್ತೇವೆ. ನಮ್ಮ ಹಿತ್ತಲಿನ ಚಾಪೆಯೇನು ಬಹಳ ದೂರದ್ದೇ?

ಈ ವರ್ಷ ಒಂಬತ್ತನೆಯ ತರಗತಿಯಲ್ಲಿ ಆ ತ್ರಿಪದಿಯನ್ನು ಓದಿಸಿದೆನು. ಮೊದಲು ನಗು, ಅನಂತರ ಮೌನ. ಒಬ್ಬ ಬಾಲಕಿಯು ಅದನ್ನು ಬರೆದುಕೊಂಡು ಅಜ್ಜಿಗೆ ತೋರಿಸುವೆನೆಂದಳು. ಮರುದಿನ ಬಂದು, ಅಜ್ಜಿಗೆ ಅದು ಚಿಕ್ಕಂದಿನಿಂದಲೂ ಬಾಯಿಪಾಠವಿತ್ತೆಂದು ಹೇಳಿದಳು.