ಸೀಮೆಎಣ್ಣೆ ದೀಪದ ಕೋಣೆಯಲ್ಲಿ: ಡಾ. ಉಪೇಂದ್ರನಾಥ ಬ್ರಹ್ಮಚಾರಿ

ಮಲೇರಿಯಾ ಎಂದೊಡನೆ ವಿದ್ಯಾರ್ಥಿಗಳಿಗೆ ರೊನಾಲ್ಡ್ ರಾಸ್ ಅವರ ಹೆಸರು ನೆನಪಾಗುತ್ತದೆ. ಅದೇ ಕಾಲದಲ್ಲಿ ಬಂಗಾಳ, ಬಿಹಾರ, ಅಸ್ಸಾಂಗಳನ್ನು ಮಲೇರಿಯಾದಷ್ಟೇ ನಡುಗಿಸಿದ ಇನ್ನೊಂದು ಜ್ವರವಿತ್ತು. ಅದೇ ಕಾಲಾ ಅಜಾರ್. ಜ್ವರ ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ಗುಲ್ಮ ಊದಿ ಹೊಟ್ಟೆ ಉಬ್ಬುತ್ತಿತ್ತು, ಕೈಕಾಲು ಕಡ್ಡಿಯಾಗುತ್ತಿದ್ದವು, ಮೈಬಣ್ಣ ಕಪ್ಪಿಡುತ್ತಿತ್ತು. ಚಿಕಿತ್ಸೆ ಸಿಗದವರು ಬದುಕುವುದು ತೀರಾ ಅಪರೂಪ. ಅಸ್ಸಾಮಿನಲ್ಲಿ ಊರಿಗೆ ಊರೇ ಬರಿದಾದದ್ದುಂಟು. ಈ ರೋಗಕ್ಕೆ ಮದ್ದು ಕಂಡುಹಿಡಿದವರು ಡಾ. ಉಪೇಂದ್ರನಾಥ ಬ್ರಹ್ಮಚಾರಿ.

ಅವರು ಹುಟ್ಟಿದ್ದು 1873ರ ಡಿಸೆಂಬರ್ 19ರಂದು. ತಂದೆ ನೀಲಮಣಿ ಬ್ರಹ್ಮಚಾರಿ ಬಿಹಾರದ ಜಮಾಲಪುರದಲ್ಲಿ ರೈಲ್ವೆ ವೈದ್ಯರಾಗಿದ್ದರು. ಬಾಲಕ ಓದಿದ್ದು ಅಲ್ಲಿನ ರೈಲ್ವೆ ಶಾಲೆಯಲ್ಲಿ. ಮುಂದೆ ಹೂಗ್ಲಿಯ ಕಾಲೇಜಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಕಲಿತು, 1894ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಿಂದ ರಸಾಯನಶಾಸ್ತ್ರದ ಎಂ.ಎ. ಪಡೆದರು. ಆಮೇಲೆ ವೈದ್ಯಕೀಯಕ್ಕೆ ತಿರುಗಿ 1902ರಲ್ಲಿ ಎಂ.ಡಿ., 1904ರಲ್ಲಿ ಪಿಎಚ್.ಡಿ. ಗಳಿಸಿದರು. ವೈದ್ಯನೊಳಗೆ ಒಬ್ಬ ರಸಾಯನಶಾಸ್ತ್ರಜ್ಞನೂ ಇದ್ದದ್ದು ಮುಂದೆ ದೊಡ್ಡ ಉಪಕಾರವಾಯಿತು.

ಕಾಲಾ ಅಜಾರ್‌ಗೆ ಕಾರಣವಾದ ಸೂಕ್ಷ್ಮ ಪರಾವಲಂಬಿ ಜೀವಿಯನ್ನು 1903ರಲ್ಲಿ ಲೀಶ್ಮನ್ ಮತ್ತು ಮದ್ರಾಸಿನಲ್ಲಿದ್ದ ಡೊನೊವನ್ ಬೇರೆ ಬೇರೆಯಾಗಿ ಗುರುತಿಸಿದ್ದರು. ಶತ್ರು ಯಾರೆಂದು ತಿಳಿಯಿತು, ಆದರೆ ಅಸ್ತ್ರವಿರಲಿಲ್ಲ. ಕೆಲವು ವರ್ಷಗಳ ನಂತರ ಟಾರ್ಟಾರ್ ಎಮೆಟಿಕ್ ಎಂಬ ಆಂಟಿಮನಿ ಲವಣದ ಬಳಕೆ ಆರಂಭವಾಯಿತು. ಅದು ರೋಗಾಣುವನ್ನು ಕೊಲ್ಲುತ್ತಿತ್ತಾದರೂ ರೋಗಿಯನ್ನೂ ಹಿಂಡುತ್ತಿತ್ತು. ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಳ್ಳಲಾರದೆ ಎಷ್ಟೋ ಜನ ನಡುವೆಯೇ ಚಿಕಿತ್ಸೆ ಬಿಡುತ್ತಿದ್ದರು.

1905ರಿಂದ ಬ್ರಹ್ಮಚಾರಿಯವರು ಕಲ್ಕತ್ತೆಯ ಕ್ಯಾಂಪ್‌ಬೆಲ್ ವೈದ್ಯಕೀಯ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಹಗಲು ಪಾಠ ಮತ್ತು ವಾರ್ಡು, ಉಳಿದ ಹೊತ್ತು ಸಂಶೋಧನೆ. ಸಂಶೋಧನೆಗೆ ಸಿಕ್ಕಿದ್ದು ಒಂದು ಸಣ್ಣ ಕೋಣೆ. ಅದರಲ್ಲಿ ವಿದ್ಯುತ್ ಇರಲಿಲ್ಲ, ಗ್ಯಾಸ್ ಇರಲಿಲ್ಲ, ನೀರಿನ ನಲ್ಲಿಯೂ ಇರಲಿಲ್ಲ. ರಾತ್ರಿ ಕೆಲಸಕ್ಕೆ ಸೀಮೆಎಣ್ಣೆ ದೀಪವೇ ಗತಿ.

ಅವರ ಯೋಚನೆಯ ದಾರಿ ಪ್ರೌಢಶಾಲೆಯ ಮಕ್ಕಳಿಗೂ ಅರ್ಥವಾಗುವಂಥದು. ಜರ್ಮನಿಯ ಪಾಲ್ ಎರ್ಲಿಕ್ ಆರ್ಸೆನಿಕ್ ಧಾತುವನ್ನು ಇಂಗಾಲದ ಸಂಯುಕ್ತದೊಂದಿಗೆ ಬೆಸೆದು ಔಷಧ ಮಾಡಿದ್ದರು. ಆವರ್ತಕ ಕೋಷ್ಟಕದಲ್ಲಿ ಆರ್ಸೆನಿಕ್‌ನ ಕೆಳಗಿನ ಮನೆಯಲ್ಲೇ ಆಂಟಿಮನಿ ಇದೆ. ಒಂದೇ ಗುಂಪಿನ ಧಾತುಗಳ ಗುಣ ಹೋಲುತ್ತದೆ. ಹಾಗಾದರೆ ಆಂಟಿಮನಿಯನ್ನೂ ಹಾಗೆಯೇ ಬೆಸೆದರೆ ಅದರ ವಿಷ ತಗ್ಗೀತೇ? ಒಂದಾದ ಮೇಲೊಂದು ಸಂಯುಕ್ತ ತಯಾರಿಸಿ ಪರೀಕ್ಷಿಸುತ್ತ ಹೋದರು. ಕೊನೆಗೆ 1920ರಲ್ಲಿ, ಅಂಥದೊಂದು ಸಂಯುಕ್ತವನ್ನು ಯೂರಿಯಾದೊಂದಿಗೆ ಕೂಡಿಸಿದಾಗ ದೊರೆತದ್ದೇ ಯೂರಿಯಾ ಸ್ಟಿಬಮೀನ್. ಹೊಗೆ ತುಂಬಿದ ಆ ಕೋಣೆಯಲ್ಲಿ, ಮಂಕು ದೀಪದ ಬೆಳಕಿನಲ್ಲಿ ರಾತ್ರಿ ಹತ್ತರ ಸುಮಾರಿಗೆ ಫಲಿತಾಂಶ ಕಂಡ ಗಳಿಗೆಯನ್ನು ಅವರು ಕಡೆಯವರೆಗೂ ನೆನೆಯುತ್ತಿದ್ದರು.

ಮೊದಲು ಪ್ರಾಣಿಗಳ ಮೇಲೆ, ಬಳಿಕ ಕೆಲವೇ ರೋಗಿಗಳ ಮೇಲೆ ಪ್ರಯೋಗ ನಡೆಸಿ 1922ರಲ್ಲಿ ವರದಿ ಪ್ರಕಟಿಸಿದರು. ತಿಂಗಳುಗಳ ಚಿಕಿತ್ಸೆ ವಾರಗಳಿಗೆ ಇಳಿಯಿತು. ಅಸ್ಸಾಂ ಒಂದರಲ್ಲೇ ಮೂರು ಲಕ್ಷಕ್ಕೂ ಹೆಚ್ಚು ಜೀವಗಳು ಉಳಿದವೆಂದು ಅಲ್ಲಿನ ಆರೋಗ್ಯಾಧಿಕಾರಿಗಳು 1933ರ ವೇಳೆಗೆ ಅಂದಾಜು ಮಾಡಿದರು.

ಆದರೆ ಅವರು ಗೆಲುವಿಗೆ ಮೈಮರೆಯಲಿಲ್ಲ. ಗುಣವಾಗಿದ್ದಾರೆಂದು ಭಾವಿಸಿದ್ದ ಕೆಲವರ ಚರ್ಮದ ಮೇಲೆ ಮಚ್ಚೆ, ಗಂಟುಗಳು ಏಳುವುದನ್ನು ಗಮನಿಸಿದರು. ಅವುಗಳೊಳಗೆ ಅದೇ ರೋಗಾಣು ಅಡಗಿತ್ತು. ಇದನ್ನೂ 1922ರಲ್ಲೇ ಲೋಕಕ್ಕೆ ತಿಳಿಸಿದರು. ರೋಗ ಹರಡುವುದು ಮರಳುನೊಣದ ಕಡಿತದಿಂದ ಎಂಬುದು ಖಚಿತವಾದದ್ದು 1942ರಲ್ಲಿ. ಆ ನೊಣಕ್ಕೆ ರೋಗಾಣು ಒದಗಿಸುವವರಲ್ಲಿ ಇಂಥ ಚರ್ಮದ ರೋಗಿಗಳೂ ಸೇರಿರುವುದರಿಂದ ಅವರ ಆ ಅವಲೋಕನ ಇಂದಿಗೂ ಮುಖ್ಯವಾಗಿದೆ.

1929ರಲ್ಲಿ ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಸೂಚಿತವಾಯಿತು, ಪ್ರಶಸ್ತಿ ಬರಲಿಲ್ಲ. 1934ರಲ್ಲಿ ಸರ್ ಪದವಿ ಬಂತು. 1936ರಲ್ಲಿ ಇಂದೋರಿನ ಭಾರತೀಯ ವಿಜ್ಞಾನ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದರು. 1946ರ ಫೆಬ್ರವರಿ 6ರಂದು ತೀರಿಕೊಂಡರು.

ಪ್ರಯೋಗಶಾಲೆಗೆ ಸೌಲಭ್ಯ ಬೇಡವೆಂದು ಈ ಕಥೆ ಹೇಳುವುದಿಲ್ಲ. ಆ ಕೋಣೆಗೆ ವಿದ್ಯುತ್ತು, ನೀರು ಇದ್ದಿದ್ದರೆ ಮದ್ದು ಇನ್ನೂ ಬೇಗ ಸಿಗುತ್ತಿತ್ತೇನೋ, ಇನ್ನಷ್ಟು ಜನ ಉಳಿಯುತ್ತಿದ್ದರೇನೋ. ಸೌಲಭ್ಯ ಕೇಳುವುದು ನಮ್ಮ ಹಕ್ಕು. ಆದರೆ ಅದು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲವೆಂದು ಬ್ರಹ್ಮಚಾರಿಯವರು ತೋರಿಸಿಕೊಟ್ಟರು. ಸರ್ಕಾರಿ ಶಾಲೆಯ ಪುಟ್ಟ ಪ್ರಯೋಗಾಲಯದ ಗೋಡೆಯ ಮೇಲೆ ತೂಗುವ ಆವರ್ತಕ ಕೋಷ್ಟಕದಲ್ಲೂ ಆರ್ಸೆನಿಕ್‌ನ ಕೆಳಗೆ ಆಂಟಿಮನಿ ಇದೆ. ಅದನ್ನು ನೋಡಿ ಪ್ರಶ್ನೆ ಕೇಳುವ ಮಕ್ಕಳು ನಮ್ಮಲ್ಲೂ ಇದ್ದಾರೆ.