ಸಸೂನ್ ಆಸ್ಪತ್ರೆಯಲ್ಲಿ ಮಹಾತ್ಮ ಗಾಂಧಿ

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದ ಮಹಾತ್ಮ ಗಾಂಧಿಯವರ ಬಾಳಿನಲ್ಲಿ ನಮ್ಮ ಪುಣೆ ನಗರಕ್ಕೆ ವಿಶೇಷ ಸ್ಥಾನವಿದೆ. ಅವರು ರಾಜಕೀಯ ಗುರುವೆಂದು ಗೌರವಿಸಿದ ಗೋಖಲೆಯವರ ಕರ್ಮಭೂಮಿ ಇದು. ಅವರು ಸೆರೆವಾಸ ಅನುಭವಿಸಿದ ಯೆರವಡಾ ಕಾರಾಗೃಹವೂ, 1944ರಲ್ಲಿ ಕಸ್ತೂರಬಾ ಕೊನೆಯುಸಿರೆಳೆದ ಆಗಾ ಖಾನ್ ಅರಮನೆಯೂ ಇಲ್ಲಿಯವೇ. ಅವರ ಜೀವ ಉಳಿದದ್ದೂ ಇದೇ ನಗರದ ಸಸೂನ್ ಆಸ್ಪತ್ರೆಯಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ನೆನಪಿರಲಾರದು.

1922ರ ಮಾರ್ಚ್ ತಿಂಗಳಲ್ಲಿ ರಾಜದ್ರೋಹದ ಆರೋಪದ ಮೇಲೆ ಅವರಿಗೆ 6 ವರ್ಷಗಳ ಶಿಕ್ಷೆಯಾಯಿತು. 1924ರ ಜನವರಿಯಲ್ಲಿ, ಯೆರವಡಾ ಸೆರೆಮನೆಯಲ್ಲಿದ್ದಾಗ, ಅಪೆಂಡಿಸೈಟಿಸ್ ಉಲ್ಬಣಿಸಿತು. ಜನವರಿ 12ರಂದು ಅವರನ್ನು ಸಸೂನ್ ಆಸ್ಪತ್ರೆಗೆ ಕರೆತಂದರು. 1909ರಲ್ಲಿ ಬರೆದ 'ಹಿಂದ್ ಸ್ವರಾಜ್' ಕೃತಿಯಲ್ಲಿ ವೈದ್ಯರನ್ನೂ ಆಸ್ಪತ್ರೆಗಳನ್ನೂ ಕಟುವಾಗಿ ಟೀಕಿಸಿದ್ದವರು ಈಗ ಆಂಗ್ಲ ಶಸ್ತ್ರವೈದ್ಯ ಕರ್ನಲ್ ಮ್ಯಾಡಕ್ ಅವರ ಕೈಗೆ ತಮ್ಮನ್ನು ಒಪ್ಪಿಸಿಕೊಳ್ಳಬೇಕಾಯಿತು. ಕೈದಿಗೆ ಅಪಾಯವಾದರೆ ದೇಶವೇ ಸರ್ಕಾರವನ್ನು ಶಂಕಿಸುತ್ತಿತ್ತು. ಗಾಂಧೀಜಿ ತಮಗೆ ದೊರೆತ ಉಪಚಾರವನ್ನು ಮೆಚ್ಚಿ, ಮ್ಯಾಡಕ್ ಅವರಲ್ಲಿ ವಿಶ್ವಾಸ ವ್ಯಕ್ತಪಡಿಸಿ, ಶ್ರೀನಿವಾಸ ಶಾಸ್ತ್ರಿಗಳ ಸಮಕ್ಷಮದಲ್ಲಿ ಒಪ್ಪಿಗೆ ಪತ್ರಕ್ಕೆ ನಡುಗುವ ಕೈಯಿಂದ ಸಹಿ ಹಾಕಿದರು.

ಅಂದು ರಾತ್ರಿ ಕ್ಲೋರೋಫಾರ್ಮ್ ನೀಡಿ ಶಸ್ತ್ರಚಿಕಿತ್ಸೆ ಆರಂಭವಾಯಿತು. ಗುಡುಗು ಮಳೆಯಿಂದಾಗಿ ನಡುವೆಯೇ ವಿದ್ಯುತ್ ಕೈಕೊಟ್ಟಿತು. ದಾದಿ ಹಿಡಿದಿದ್ದ ಟಾರ್ಚ್ ಕೂಡ ನಂದಿತು. ಕೊನೆಗೆ ಲಾಂದ್ರದ ಬೆಳಕಿನಲ್ಲಿ ಮ್ಯಾಡಕ್ ಕಾರ್ಯ ಮುಗಿಸಿದರು.

ಕ್ಲೋರೋಫಾರ್ಮ್ ಪ್ರಜ್ಞೆಯನ್ನು ಮಾತ್ರ ಮರೆಸುತ್ತಿತ್ತು. ಎಚ್ಚರವಾದೊಡನೆ ನೋವೂ ಎಚ್ಚರಗೊಳ್ಳುತ್ತಿತ್ತು. ಬೆನ್ನುಹುರಿಯ ಹೊರಪೊರೆಯ ಸುತ್ತಲಿನ ಅವಕಾಶಕ್ಕೆ ಔಷಧಿ ನೀಡುವ ಎಪಿಡ್ಯೂರಲ್ ವಿಧಾನವನ್ನು ಸ್ಪೇನಿನ ಸೇನಾವೈದ್ಯ ಫಿಡೆಲ್ ಪಾಹೆಸ್ 1921ರಲ್ಲಿಯೇ ಪ್ರಕಟಿಸಿದ್ದರೂ ಅದು ಇನ್ನೂ ಜಗತ್ತಿಗೆ ಪರಿಚಿತವಾಗಿರಲಿಲ್ಲ. ಅಲ್ಲಿ ಸಣ್ಣ ಕೆಥೆಟರ್ ನಳಿಕೆಯನ್ನು ಇರಿಸಿ ಸತತವಾಗಿ ಔಷಧಿ ನೀಡುವ ಕ್ರಮ 1947ರಲ್ಲಿ ಹವಾನಾದ ಮಾರ್ಟಿನೆಸ್ ಕುರ್ಬೆಲೊ ಅವರಿಂದ ಮೊದಲಾಯಿತು. ಇಂದು ಎದೆಯ ಶಸ್ತ್ರಚಿಕಿತ್ಸೆಯ ನಂತರ ಅನೇಕ ರೋಗಿಗಳಿಗೆ ಇದೇ ಆಸರೆ. ನೋವಿಗೆ ಅಂಜಿ ಆಳವಾಗಿ ಉಸಿರಾಡದೆ, ಕೆಮ್ಮದೆ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗುವ ಭಯವುಂಟು. ನೋವು ಶಮನವಾದರೆ ರೋಗಿ ಎಚ್ಚರವಾಗಿದ್ದುಕೊಂಡೇ ಚೆನ್ನಾಗಿ ಉಸಿರಾಡಬಲ್ಲ.

ಇಂತಹ ಯಾವ ಅನುಕೂಲವೂ ಗಾಂಧೀಜಿಗೆ ಇರಲಿಲ್ಲ. ಗಾಯದಲ್ಲಿ ಕೀವುಗಟ್ಟಿ ಚೇತರಿಕೆ ನಿಧಾನವಾಯಿತು. ಫೆಬ್ರವರಿ 5ರಂದು ಸರ್ಕಾರ ಅವರನ್ನು ಷರತ್ತಿಲ್ಲದೆ ಬಿಡುಗಡೆ ಮಾಡಿತು. ಮುಂದೆ ಜುಹುವಿನ ಕಡಲತೀರದಲ್ಲಿ ವಿಶ್ರಾಂತಿ ಪಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ, ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವದಲ್ಲಿ ಬೆಳಗಾವಿಯಲ್ಲಿ ನೆರವೇರಿದ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರಾದರು. ಅವರು ಆ ಪೀಠವನ್ನು ಅಲಂಕರಿಸಿದ್ದು ಅದೊಂದೇ ಬಾರಿ. ಆ ಭಾಗ್ಯ ಕನ್ನಡ ನಾಡಿನದಾಯಿತು.

1948ರ ಜನವರಿ 30ರಂದು ಹಂತಕನ ಗುಂಡಿಗೆ ಬಲಿಯಾಗುವವರೆಗೆ ಅವರು ಇನ್ನೂ 24 ವರ್ಷ ಬಾಳಿದರು. ದಂಡಿಯಾತ್ರೆಯೂ, ಕ್ವಿಟ್ ಇಂಡಿಯಾ ಚಳವಳಿಯೂ ಆ ಅವಧಿಯವು. ತಾವು ಒಪ್ಪದ ವೈದ್ಯಪದ್ಧತಿಯ, ತಾವು ವಿರೋಧಿಸಿದ ಆಡಳಿತದ ವೈದ್ಯನನ್ನು ಅವರು ಅಂದು ಮನುಷ್ಯನೆಂದು ನಂಬಿದರು. ಆ ವೈದ್ಯನೂ ನಂಬಿಕೆಯನ್ನು ಉಳಿಸಿಕೊಂಡ. ಸಸೂನ್ ಮಾರ್ಗವಾಗಿ ಸ್ಟೇಷನ್ನಿಗೆ ಹೋಗುವಾಗ ನಾವು ಇದನ್ನೊಮ್ಮೆ ನೆನೆಯಬೇಕು.